ಎಷ್ಟನೆಯವಳು

ಹರಿದುಹೋದ ರಿಬ್ಬನ್ನಿಗೆ ಗಂಟು ಹಾಕಿ ಮತ್ತೆ ಕಂಬಗಳಿಗೆ ಕಟ್ಟಿದರು. ಕಣ್ಣು ಕಾಣದ ಹೆಂಗಸೊಬ್ಬಳು ಓಡಿ ಬಂದು ಅದನ್ನು ಎದೆಯಿಂದ ಹರಿದಳು. ನೀನೇ ಮೊದಲು ಬಂದೆ ಎಂದು ಅವಳಿಗೆ ಹೇಳಿದರು.

ಅದು ಭಾನುವಾರ. ಸೋಮವಾರ ಬೆಳಿಗ್ಗೆ ಅವಳು ಎಂದಿನಂತೆ ಆಸ್ಪತ್ರೆಯ ಫೋನಿನ ಮೇಜಿಗೆ ಬಂದು, ಬಿಳಿ ಕೋಲನ್ನು ಮಡಚಿ ಬ್ಯಾಗಿಗೆ ತುರುಕಿ, ಹೆಡ್‌ಫೋನು ಕಿವಿಗೇರಿಸುವ ಮೊದಲೇ ಅಭಿನಂದನೆಗಳು ಶುರುವಾದವು. ಆ ಕಟ್ಟಡದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ವಾರ್ಡಿನಿಂದ ಹಿಡಿದು ಶವಾಗಾರದವರೆಗೆ ಎಲ್ಲರಿಗೂ ಅವಳು ಆಪರೇಟರ್. "ಎಕ್ಸ್‌ರೇ ಕೊಡಿ" ಎಂದು ಗದರುವುದನ್ನೇ ಮಾತು ಎಂದುಕೊಂಡಿದ್ದ ಮೂಳೆ ಡಾಕ್ಟರು ಅಂದು "ಚಾಂಪಿಯನ್ ಮೇಡಂ, ಸ್ವಲ್ಪ ಎಕ್ಸ್‌ರೇ ಕೊಡ್ತೀರಾ" ಎಂದು ಬೆಣ್ಣೆ ಹಚ್ಚಿದರು. ಹೆರಿಗೆ ವಾರ್ಡಿನ ದೊಡ್ಡ ನರ್ಸು ಖುದ್ದು ಇಳಿದು ಬಂದು ಅವಳ ಕೆನ್ನೆ ಹಿಂಡಿ, "ನಮ್ಮ ಮಾನ ಉಳಿಸ್ದೆ ಕಣೇ, ನಮ್ಮಲ್ಲಿ ಓಡೋದು ಅಂದ್ರೆ ಸಂಬಳದ ದಿನ ಬ್ಯಾಂಕಿಗೆ ಮಾತ್ರ" ಎಂದಳು. ಆಪರೇಟರ್ ನಕ್ಕಳು. ನಗು ಬರುತ್ತಿತ್ತು, ತಡೆದರೂ ಬರುತ್ತಿತ್ತು. ನಲವತ್ತರ ಹತ್ತಿರದ ಹೆಂಗಸು, ಹುಟ್ಟಿದಾಗಿನಿಂದ ಯಾವ ಸಾಲಿನಲ್ಲೂ ಮುಂದೆ ನಿಂತವಳಲ್ಲ.

ಒಂದು ಧ್ವನಿ ಮಾತ್ರ ಬರಲಿಲ್ಲ. ದಿನವೂ ಮೊದಲ ಟಪಾಲಿನೊಂದಿಗೆ ಬಂದು, "ಏನು ಎಕ್ಸ್‌ಪ್ರೆಸ್, ಇವತ್ತು ಎಷ್ಟು ಜನಕ್ಕೆ ರಾಂಗ್ ನಂಬರ್ ಕೊಟ್ರಿ?" ಎಂದು ಕೆಣಕುತ್ತಿದ್ದ ಪೋಸ್ಟ್‌ಮ್ಯಾನ್ ಅಂದು ಬಂದ. ಚೀಲ ಇಳಿಸಿದ ಸದ್ದಾಯಿತು, ಕಾಗದಗಳ ಕಟ್ಟು ಕೌಂಟರಿನ ಮೇಲೆ ಬಿತ್ತು, ರಬ್ಬರ್ ಸೋಲಿನ ಬೂಟು ಕಿರುಗುಟ್ಟುತ್ತ ಬಾಗಿಲು ದಾಟಿ ಹೋಯಿತು. ಅವನೂ ಅದೇ ಓಟಗಾರರ ಸಂಘದವನು. ಭಾನುವಾರ ಅವನೂ ಓಡಿದ್ದ. ಸಣ್ಣ ಓಟ, ದೊಡ್ಡ ಓಟ ಒಟ್ಟಿಗೇ ಹೊರಟಿದ್ದರಿಂದ, ತನ್ನನ್ನು ದಾಟಿದ ಹೆಜ್ಜೆಗಳು ಸಣ್ಣ ಓಟದವರವೆಂದೇ ಅವಳು ತಿಳಿದಿದ್ದಳು.

ಸೋತದ್ದಕ್ಕೆ ಮುಖ ಊದಿಸಿಕೊಂಡಿದ್ದಾನೆ ಎಂದುಕೊಂಡಳು ಆಪರೇಟರ್. ಅಂದುಕೊಂಡದ್ದು ಹಿತವಾಗಿಯೇ ಇತ್ತು.

ಆ ಸಂಘ ಅವಳನ್ನು ಸುಲಭಕ್ಕೆ ಸೇರಿಸಿಕೊಂಡದ್ದಲ್ಲ. "ಬಿದ್ದು ಗಿದ್ದು ಹೋದ್ರೆ ಯಾರು ಜವಾಬ್ದಾರಿ?" ಎಂದು ಒಮ್ಮೆ ವಾಪಸು ಕಳುಹಿಸಿದ್ದರು. "ಬೇಕಾದ್ರೆ ಬಂದು ಚಪ್ಪಾಳೆ ತಟ್ಟಿ" ಎಂದು ಇನ್ನೊಮ್ಮೆ. ಆಮೇಲೆ ಬಂದವನು ಸಂಯೋಜಕ. 'ಎಲ್ಲರ ಅಂಗಳ' ಎಂಬ ಯೋಜನೆ ಹಿಡಿದು ಊರಿಂದೂರಿಗೆ ತಿರುಗುತ್ತಿದ್ದ. ಒಂದೂರಿನ ಈಜುಕೊಳಕ್ಕೆ ಇಳಿಜಾರು ಹಾಕಿಸಿದ್ದ, ಇನ್ನೊಂದೂರಿನಲ್ಲಿ ಕಿವಿ ಕೇಳದ ಹುಡುಗಿಯರನ್ನು ವಾಲಿಬಾಲ್ ತಂಡಕ್ಕೆ ಸೇರಿಸಿದ್ದ, ಮತ್ತೊಂದೂರಿನಲ್ಲಿ ಗಾಲಿಕುರ್ಚಿಯವರಿಗೆ ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದ ಬೀಗ ತೆಗೆಸಿದ್ದ. ಇವಳಿಗಾಗಿ ಓಟಗಾರರ ಸಂಘದ ಕಾರ್ಯದರ್ಶಿಯ ಮನೆ ಬಾಗಿಲಲ್ಲಿ ಕೂತು ಜಗಳ ಆಡಿದ್ದನ್ನು ಊರೇ ಕಂಡಿತ್ತು. "ಜೊತೆಗೆ ಓಡೋಕೆ ಕಣ್ಣಿರೋರು ಒಬ್ಬರು ಬೇಕು, ಅಷ್ಟೇ" ಎಂದಾಗ, ಯಾರೂ ಕೇಳದೆಯೇ ಕೈ ಎತ್ತಿದವಳು ಅತ್ತಿಗೆ.

ಅತ್ತಿಗೆ ಬೇಕರಿಯಲ್ಲಿ ಹಿಟ್ಟು ನಾದುವವಳು. ತೋಳು ಗಟ್ಟಿ, ಕಾಲು ಮೊದಮೊದಲು ಮೆತ್ತಗೆ. ಹಳೆಯ ಬೂಟಿನ ಲೇಸೊಂದನ್ನು ಎರಡೂ ತುದಿಗೆ ಕುಣಿಕೆ ಹಾಕಿ, ಒಂದನ್ನು ಇವಳ ಮಣಿಕಟ್ಟಿಗೆ, ಇನ್ನೊಂದನ್ನು ತನ್ನದಕ್ಕೆ ಸಿಕ್ಕಿಸಿ, ಕಾಲುವೆ ದಂಡೆಯ ಮೇಲೆ ಬೆಳಬೆಳಿಗ್ಗೆ ಓಡಿಸಿದಳು, ತಾನೂ ಓಡಿದಳು. ಸಂಯೋಜಕ ಒಂದೇ ನಿಯಮ ಹೇಳಿಕೊಟ್ಟಿದ್ದ: ಲೇಸು ಎಳೆಯಬಾರದು. ಅದು ದಾರಿ ತಿಳಿಸುವುದಕ್ಕೆ, ಮುಂದೆ ಒಯ್ಯುವುದಕ್ಕಲ್ಲ. ಅತ್ತಿಗೆ ಅದನ್ನು ಎಂದೂ ಮೀರಲಿಲ್ಲ. ಹೊಂಡ ಬಂದರೆ "ಹೊಂಡ", ತಿರುವು ಬಂದರೆ "ಬಲ", ನಾಯಿ ಬಂದರೆ "ಅಯ್ಯೋ". ನಾಯಿಗೆ ಅವಳೇ ಹೆಚ್ಚು ಹೆದರುತ್ತಿದ್ದಳು.

ಮಧ್ಯಾಹ್ನ ಊಟದ ಹೊತ್ತಿಗೆ ಆಪರೇಟರ್ ಬ್ಯಾಗಿನಿಂದ ಆ ರಿಬ್ಬನ್ ತೆಗೆದಳು. ಗುರಿ ಮುಟ್ಟಿದಾಗ ಎದೆಗೆ ಅಂಟಿಕೊಂಡಿದ್ದ ತುಂಡು. ಸುಕ್ಕುಸುಕ್ಕಾದ ತೆಳು ಕಾಗದ, ಮಕ್ಕಳ ಹುಟ್ಟುಹಬ್ಬಕ್ಕೆ ಗೋಡೆಗೆ ಕಟ್ಟುವಂಥದ್ದು. ಸಂಯೋಜಕನೇ ಅದನ್ನು ಅವಳ ಕೊರಳಿಗೆ ಸುತ್ತಿ, "ಇಟ್ಕೊಳ್ಳಿ ಮೇಡಂ, ಇದು ನಿಮ್ದು" ಎಂದಿದ್ದ. ಅವಳು ಅದನ್ನು ಮಡಿಲಲ್ಲಿ ಹರಡಿ, ಒಂದು ತುದಿಯಿಂದ ಇನ್ನೊಂದಕ್ಕೆ ಬೆರಳಾಡಿಸುತ್ತ ಸವಿಯುತ್ತಿದ್ದಳು. ನಡುವೆ ಬೆರಳು ತಡೆಯಿತು.

ಗಂಟು.

ಸಣ್ಣದು, ಬಿಗಿಯಾದದ್ದು, ಅವಸರದಲ್ಲಿ ಹಾಕಿದ್ದು. ಅದರ ಬಾಲಗಳೆರಡೂ ಒಂದು ಕಡೆಗೆ ಮಡಚಿ ಒತ್ತಲ್ಪಟ್ಟಿದ್ದವು. ಎದುರಿನಿಂದ ಫೋಟೋ ತೆಗೆದರೆ ಕಾಣಿಸಿರಲಾರದು. ಅವಳು ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿದಳು. ಫೋನು ಬೀಪ್ ಎಂದಿತು. ಅವಳು ಎತ್ತಿದಳು, ಯಾರಿಗೋ ಏನೋ ಕೊಟ್ಟಳು. ಬಡಿಸಿಕೊಂಡ ಊಟ ಹಾಗೇ ಆರಿತು.

ಒಮ್ಮೆ ಹರಿದ ರಿಬ್ಬನ್ನಿಗೆ ತಾನೇ ಗಂಟು ಬೀಳುವುದು? ಯಾರು ಹರಿದರು, ನಾನು ಬರುವ ಮೊದಲು?

ಗಾಳಿಗೆ ಹರಿದಿರಬಹುದು. ಕಟ್ಟುವಾಗ ಹರಿದಿರಬಹುದು. ಸಂಜೆ ಅಡುಗೆಮನೆಯಲ್ಲಿ ಅವಳು ಆ ತುಂಡನ್ನು ಮುಂದೆ ಹಿಡಿದಾಗ ಅತ್ತಿಗೆಯೂ ಅದನ್ನೇ ಹೇಳಿದಳು. ಹೇಳುವ ಮೊದಲು ನಲ್ಲಿ ತಿರುಗಿಸಿದಳು. ನೀರಿನ ಸದ್ದಿನೊಳಗಿಂದ ಮಾತು ಬಂತು. "ಗಾಳಿಗೆ ಕಿತ್ಹೋಗಿರ್ಬೇಕು ಕಣೇ. ಕಾಗದ ತಾನೆ."

"ಭಾನುವಾರ ಗಾಳಿ ಇತ್ತಾ ಅತ್ತಿಗೆ?"

"ಇತ್ತಪ್ಪ ಒಂದಿಷ್ಟು."

"ನಾನೇ ಮೊದಲು ಬಂದದ್ದು ಅಲ್ವಾ?"

"ಹೂಂ ಮತ್ತೆ."

ನಲ್ಲಿ ನಿಂತಿತು. ಪಾತ್ರೆ ಒಂದೂ ತೊಳೆದಿರಲಿಲ್ಲ. ಅಣ್ಣ ಒಳಗೆ ಬಂದು, "ಕೊಡಿಲ್ಲಿ ಅದನ್ನ, ಮುದುಡಿ ಹಾಳ್ಮಾಡ್ಬೇಡ" ಎಂದು ರಿಬ್ಬನ್ ಕಸಿದುಕೊಂಡ. ಅವನು ಬಡಗಿ. ತಂಗಿಯ ಫೋಟೋ, ಪದಕ, ರಿಬ್ಬನ್ ಮೂರನ್ನೂ ಒಂದೇ ಗಾಜಿನ ಚೌಕಟ್ಟಿಗೆ ಹಾಕುವ ಹುರುಪಿನಲ್ಲಿದ್ದ. ಪಕ್ಕದ ಕೋಣೆಯಲ್ಲಿ ಆಗಲೇ ಮರಳುಕಾಗದ ಉಜ್ಜುವ ಸದ್ದು.

ಅನುಮಾನ ಒಂದು ಕಡೆ ಕೂರುವ ಪ್ರಾಣಿಯಲ್ಲ. ಮರುದಿನ ಬೆಳಿಗ್ಗೆ ಬಟ್ಟೆ ತೊಡುವಾಗ ಅವಳ ಕೈ ಸ್ವೆಟರಿನ ಮೇಲೆ ನಿಂತಿತು. ಇದು ನೀಲಿ ಎಂದು ಹೇಳಿದವಳು ಅತ್ತಿಗೆ. ಬ್ಯಾಂಕಿನ ಕಾಗದದಲ್ಲಿ ಏನಿದೆ ಎಂದು ಓದಿ ಹೇಳಿದವಳು ಅತ್ತಿಗೆ. ವರ್ಷಗಳ ಹಿಂದೆ ನೋಡಲು ಬಂದ ಗಂಡಿನ ಕಡೆಯವರು "ಆಮೇಲೆ ತಿಳಿಸ್ತೀವಿ ಅಂದ್ರು" ಎಂದು ಹೇಳಿದವಳೂ ಅತ್ತಿಗೆ; ಅವರು ನಿಜಕ್ಕೂ ಏನಂದಿದ್ದರೋ. ಮನೆಗೆ ಸೊಸೆಯಾಗಿ ಬಂದಾಗಿನಿಂದ ಜಗತ್ತೆಲ್ಲ ಆ ಒಂದು ಬಾಯಿಯಿಂದಲೇ ಇವಳೊಳಕ್ಕೆ ಇಳಿದದ್ದು.

ಆಸ್ಪತ್ರೆಯಲ್ಲಿ ಔಷಧಿ ಕೌಂಟರಿನವಳನ್ನು ಕೇಳಿದಳು: "ಈ ಸ್ವೆಟರ್ ಯಾವ ಬಣ್ಣ?"

"ಹಸಿರು. ಚೆನ್ನಾಗಿದೆ."

"ನೀಲಿ ಅಲ್ವಾ?"

"ನೀಲಿ ಎಲ್ಲಿಂದ ಬಂತು? ಏಯ್, ಇಲ್ಲಿ ಬಾರೋ, ಇದು ಯಾವ ಬಣ್ಣ ಹೇಳು."

ಸ್ಟ್ರೆಚರ್ ತಳ್ಳುವವನು ಬಂದು ನೀಲಿ ಎಂದ. "ಕಣ್ಣು ಪರೀಕ್ಷೆ ಮಾಡಿಸ್ಕೋ" ಎಂದಳು ಕೌಂಟರಿನವಳು. "ನೀನು ಮಾಡಿಸ್ಕೋ, ನಿಮ್ಮ ಮನೇಲಿ ಆಕಾಶ ಹಸಿರಾ?" ಎಂದ ಅವನು. ದಾರಿಯಲ್ಲಿ ಹೋಗುತ್ತಿದ್ದ ರೋಗಿಯ ಕಡೆಯವರೊಬ್ಬರು "ನವಿಲಿನ ಬಣ್ಣ" ಎಂದು ತೀರ್ಪು ಕೊಟ್ಟರು. ಜಗಳ ಕಾರಿಡಾರು ಹಿಡಿಯಿತು. ಕಣ್ಣಿದ್ದವರ ಪಾಡೇ ಹೀಗಿರುವಾಗ ಆಪರೇಟರಿಗೆ ನಗು ಬರಬೇಕಿತ್ತು. ಬರಲಿಲ್ಲ. ಅತ್ತಿಗೆ ಈ ವಿಷಯದಲ್ಲಿ ಸುಳ್ಳಾಡಿಲ್ಲ ಎಂಬ ಸಮಾಧಾನ ಬಂತು. ಅದರ ಬೆನ್ನಿಗೇ, ಹಾಗಾದರೆ ಯಾವ ವಿಷಯದಲ್ಲಿ ಎಂಬ ಪ್ರಶ್ನೆ.

ಆ ಹೊತ್ತಿಗೆ ಹೊರಗಿನ ಲೈನಿನಿಂದ ಕರೆ. ಗಂಡಸಿನ ಧ್ವನಿ, ಒರಟು, ಬಳಸದೆ ತುಕ್ಕು ಹಿಡಿದಂಥದ್ದು.

"ಆಸ್ಪತ್ರೇನಾ? ಓಡ್ತಾರಲ್ಲ, ಆ ಆಪರೇಟರ್ ಬೇಕಿತ್ತು."

"ನಾನೇ. ಹೇಳಿ."

ಆ ಕಡೆ ಉಸಿರು. "ನಾನು ಲಾರಿ ಓಡಿಸ್ತಿದ್ದವನು. ಬೇರೆ ಊರು. ಆಕ್ಸಿಡೆಂಟಲ್ಲಿ ಕಣ್ಣು ಹೋಯ್ತು. ನನ್ನ ಹೆಂಡತಿ ಪೇಪರಲ್ಲಿ ನಿಮ್ಮ ಸುದ್ದಿ ಓದಿದ್ಳು. ನಂಗೆ ನಂಬಿಕೆ ಬರ್ಲಿಲ್ಲ. ಅವಳಿಗೆ ಒಂದು ಚಾಳಿ ಇದೆ, ನಾನು ಬೇಜಾರಲ್ಲಿದ್ರೆ ಪೇಪರಲ್ಲಿ ಇಲ್ಲದ್ದನ್ನೂ ಓದ್ತಾಳೆ. ಅದಕ್ಕೇ ಕೇಳೋಣ ಅಂತ. ನಿಜಾನಾ ಅದು? ಕಣ್ಣಿರೋರನ್ನೆಲ್ಲ ಹಿಂದೆ ಹಾಕಿ ಮೊದಲು ಬಂದ್ರಾ?"

ಹೌದು ಎಂದರೆ ಮುಗಿಯಿತು. ಆ ಪದ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವಳ ಬೆರಳುಗಳು ಇಲ್ಲದ ರಿಬ್ಬನ್ನನ್ನು ಹೊಸಕುತ್ತಿದ್ದವು.

"ನಿಜ ಅಂದ್ರೆ ನಾನೂ ಮನೆಯಿಂದ ಹೊರಗೆ ಬರ್ತೀನಿ," ಎಂದ ಅವನು. "ಕಣ್ಣು ಹೋದ್ಮೇಲೆ ಅಂಗಳ ದಾಟಿಲ್ಲ. ಆ ಯೋಜನೆಯವರು ನಮ್ಮೂರಿಗೂ ಬಂದಿದ್ರು. ಸುಳ್ಳು ಹೇಳೋರ ಥರ ಮಾತಾಡಿದ್ರು, ವಾಪಸ್ ಕಳಿಸ್ದೆ."

"ನಿಮ್ಮ ನಂಬರ್ ಕೊಡಿ," ಎಂದಳು ಆಪರೇಟರ್. "ವಿಚಾರಿಸಿ ಹೇಳ್ತೀನಿ."

"ವಿಚಾರಿಸಿ? ಓಡಿದ್ದು ನೀವು ತಾನೆ?"

"ಹೌದು. ಓಡಿದ್ದು ನಾನು."

ಮರುದಿನ ಅವಳು ಪೋಸ್ಟ್‌ಮ್ಯಾನನ ಬೂಟಿನ ಕಿರುಗುಟ್ಟುವಿಕೆಗಾಗಿ ಕಾದಳು. ಕಟ್ಟು ಕೌಂಟರಿನ ಮೇಲೆ ಬೀಳುವ ಮುನ್ನವೇ ಕೈ ಚಾಚಿದಳು. ಅವನ ತೋಳು ಸಿಕ್ಕಿತು.

"ರಿಬ್ಬನ್ ಹರಿದವನು ನೀನಾ?"

"ಯಾವ ರಿಬ್ಬನ್ನು?"

"ನಾಟಕ ಬೇಡ. ಮೂರು ದಿನದಿಂದ ಕಳ್ಳನ ಹಾಗೆ ಬಂದು ಹೋಗ್ತಿದ್ದೀಯ."

ಪೋಸ್ಟ್‌ಮ್ಯಾನ್ ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ. "ನಿಮಗೆ ಖುಷಿ ಆಗ್ಲಿ ಅಂತ ತಾನೆ ಎಕ್ಸ್‌ಪ್ರೆಸ್. ನಂಗೇನು, ಪ್ರತಿ ವರ್ಷ ಗೆಲ್ತೀನಿ. ಒಂದು ವರ್ಷ ಬಿಟ್ಟುಕೊಟ್ರೆ ಸವೆದು ಹೋಗ್ತೀನಾ?"

"ನಾನು ಕೇಳಿದ್ನಾ, ಬಿಟ್ಟುಕೊಡು ಅಂತ?"

"ಆ ಸಂಯೋಜಕ ಅಡ್ಡ ಬಂದ. ಗುರಿ ಮುಟ್ಟಿದವ್ರನ್ನೆಲ್ಲ ಶಾಲೆ ಗೋಡೆ ಹಿಂದೆ ನಿಲ್ಲಿಸ್ದ. ಸದ್ದು ಮಾಡ್ಬೇಡಿ, ಆಮೇಲೆ ಬಂದು ಚಪ್ಪಾಳೆ ತಟ್ಟಿ ಅಂದ. ತಟ್ಟಿದ್ವಿ. ಜೋರಾಗೇ ತಟ್ಟಿದ್ವಿ, ಕೇಳಿಸ್ಲಿಲ್ವಾ?"

"ನನ್ನ ಮುಂದೆ ಎಷ್ಟು ಜನ ಬಂದಿದ್ರು?"

"ಯಾರು ಎಣಿಸಿದ್ರು? ಆ ಗಡಿಬಿಡೀಲಿ ನಮ್ಮನ್ನೂ ಯಾರೂ ಬರ್ಕೊಳ್ಲಿಲ್ಲ. ಗಂಟು ಹಾಕೋದ್ರಲ್ಲೇ ಇದ್ರು." ಸ್ವಲ್ಪ ತಡೆದು, ಹಗುರ ಮಾಡಲು ನೋಡಿದ. "ನಿಮ್ಮ ಹಿಂದೆಯೂ ಜನ ಇದ್ರು ಬಿಡಿ. ನಮ್ಮ ಕಾರ್ಯದರ್ಶಿ ಹೊಟ್ಟೆ ಹೊತ್ಕೊಂಡು ಬಂದು ಮುಟ್ಟೋ ಹೊತ್ತಿಗೆ ಕುರ್ಚಿ ಎತ್ತಿಡ್ತಾ ಇದ್ರು."

ಆಪರೇಟರ್ ಅವನ ತೋಳು ಬಿಟ್ಟಳು. "ನಮ್ಮತ್ತಿಗೆಗೆ ಗೊತ್ತಿತ್ತಾ?"

ಪೋಸ್ಟ್‌ಮ್ಯಾನನ ಬೂಟು ಕಿರುಗುಟ್ಟುತ್ತ ದೂರವಾಯಿತು. ಆಮೇಲೆ ಬಾಗಿಲ ಹತ್ತಿರದಿಂದ ಹೇಳಿದ: "ಅವ್ರು ಕಣ್ಣು ಬಿಟ್ಕೊಂಡೇ ಓಡ್ತಿದ್ರಲ್ಲ."

ಅಂದು ಸಂಜೆ ಚೌಕಟ್ಟು ಸಿದ್ಧವಾಗಿತ್ತು. ಅಣ್ಣ ಅದನ್ನು ಗೋಡೆಗೆ ಒರಗಿಸಿ, ತಂಗಿಯ ಕೈ ಹಿಡಿದು ಗಾಜಿನ ಮೇಲೆ ಇಟ್ಟು, "ಇಲ್ಲಿ ಫೋಟೋ, ಇಲ್ಲಿ ಪದಕ" ಎಂದು ತೋರಿಸಿದ. ಗಾಜು ತಣ್ಣಗಿತ್ತು, ನುಣ್ಣಗಿತ್ತು. ಗಂಟು ಅದರ ಹಿಂದೆ ಎಲ್ಲೋ ಇತ್ತು. ಇನ್ನು ಯಾವ ಬೆರಳಿಗೂ ಸಿಗುವಂತಿರಲಿಲ್ಲ. ಅಣ್ಣ ಮೊಳೆ ತರಲು ಅಂಗಡಿಗೆ ಹೋದ. ಆಪರೇಟರ್ ಅಡುಗೆಮನೆಗೆ ಹೋಗಿ ನೇರವಾಗಿ ನಲ್ಲಿಯ ಮೇಲೆ ಕೈ ಇಟ್ಟು ನಿಂತಳು.

"ಇವತ್ತು ನೀರು ಬಿಡೋದು ಬೇಡ. ಹೇಳಿ."

ಅತ್ತಿಗೆ ಸ್ಟೂಲೆಳೆದುಕೊಂಡು ಕೂತ ಸದ್ದು. "ಶಾಲೆ ಗೇಟು ದಾಟಿದ ಮೇಲೆ ನೋಡ್ದೆ. ಇಬ್ರು ಓಡೋಡಿ ಕಂಬಕ್ಕೆ ಕಟ್ತಿದ್ರು. ಮೊದ್ಲು ಅರ್ಥಾನೇ ಆಗ್ಲಿಲ್ಲ. ಆ ಸಂಯೋಜಕ ನನ್ನ ಕಡೆ ನೋಡಿ ಬಾಯಿ ಮೇಲೆ ಬೆರಳಿಟ್ಟ."

"ನಿಲ್ಲಬಹುದಿತ್ತಲ್ಲ."

"ನಿಲ್ಲಬೇಕು ಅಂತಾನೇ ಅಂದ್ಕೊಂಡೆ. ಅಷ್ಟರಲ್ಲಿ ಅದು ನಿನ್ನ ಎದೆಗೆ ತಾಗ್ತು. ನೀನು ನಕ್ಕೆ ಕಣೇ." "ಈ ಮನೆಗೆ ಬಂದಾಗಿನಿಂದ ನೋಡಿದ್ದೀನಿ. ಹಾಗೆ ನಕ್ಕಿದ್ದು ನೋಡಿರ್ಲಿಲ್ಲ. ಆ ನಗೂನ ನಾನು ಹೇಗೆ ಕಿತ್ಕೊಳ್ಳಿ?"

"ಈಗ ಕಿತ್ಕೊಂಡ್ರಲ್ಲ."

"ಬೈ. ಎರಡೇಟು ಹೊಡಿ ಬೇಕಾದ್ರೆ."

"ನಾನು ಎಷ್ಟನೆಯವಳು ಅತ್ತಿಗೆ?"

"ಗೊತ್ತಿಲ್ಲ."

"ಸುಮಾರಾಗಿ ಆದ್ರೂ?"

"ಅಷ್ಟು ಜನ ಮುಂದೆ ಇದ್ರು, ಸಣ್ಣ ಓಟದವ್ರು ಯಾರು, ನಮ್ಮ ಓಟದವ್ರು ಯಾರು ನಾನೇನು ಬಲ್ಲೆ. ನಂಗೆ ನಿನ್ನ ಕಾಲು ನೋಡೋದೇ ಆಗಿತ್ತು. ಹೊಂಡ, ಕಲ್ಲು, ನಾಯಿ."

ಆಪರೇಟರ್ ಸಿಂಕಿನ ಅಂಚಿಗೆ ಒರಗಿದಳು. ಮೊದಲ ಸ್ಥಾನ ಹೋದದ್ದಕ್ಕೆ ಅವಳಿಗೆ ಅಳು ಬರಲಿಲ್ಲ. ಅದು ಅವಳದ್ದಾಗಿರಲೇ ಇಲ್ಲ. ಅವಳದ್ದೇ ಆದ ಒಂದು ಇತ್ತಲ್ಲ, ಹದಿನೈದೋ, ಇಪ್ಪತ್ತೈದೋ. ಕಾಲುವೆ ದಂಡೆಯ ಅಷ್ಟೂ ಬೆಳಗುಗಳನ್ನು ಸವೆಸಿ ಸಂಪಾದಿಸಿದ್ದು. ಅದನ್ನು ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಸತ್ತವರಿಗೂ ಶವಾಗಾರದಲ್ಲಿ ಒಂದು ನಂಬರು ಇರುತ್ತದೆ. ಅವಳಿಗೆ ಚೌಕಟ್ಟು ಹಾಕಿದ ಗಾಜು ಇತ್ತು.

ಮರುದಿನ ಅವಳು ಮೊದಲು ಮಾಡಿದ ಕರೆ ಲಾರಿಯವನಿಗೆ.

"ವಿಚಾರಿಸಿದೆ," ಎಂದಳು. "ನಾನು ಮೊದಲು ಬರ್ಲಿಲ್ಲ. ನನಗೆ ಸುಳ್ಳು ಹೇಳಿದ್ರು."

ಆ ಕಡೆ ಯಾರೋ ಕಸ ಗುಡಿಸುವ ಸದ್ದು. "ಮತ್ತೆ ಎಷ್ಟನೆಯವರು?"

"ಗೊತ್ತಿಲ್ಲ. ಯಾರೂ ನೋಡಿಲ್ಲ."

"ಕೊನೆಯವರೂ ಆಗಿರಬಹುದು ಅನ್ನಿ."

"ಇಲ್ಲ. ಕಾರ್ಯದರ್ಶಿ ನನ್ನ ಹಿಂದೆ ಇದ್ದ. ಅವನ ಹೊಟ್ಟೆ ದೊಡ್ಡದು."

ಲಾರಿಯವನು ನಕ್ಕ. ತುಕ್ಕು ಹಿಡಿದ ಬಾಗಿಲು ತೆರೆದ ಹಾಗಿತ್ತು. "ಹಂಗಾದ್ರೆ ನಂಗೂ ಜಾಗ ಇದೆ. ಮೊದಲು ಬರೋರ ಪಕ್ಕ ನಿಲ್ಲೋಕೆ ನಂಗೆ ಭಯ ಆಗ್ತಿತ್ತು."

ಸಂಯೋಜಕ ತಾನಾಗೇ ಬಂದ. ಕೈಯಲ್ಲಿ ಹಣ್ಣಿನ ಪೊಟ್ಟಣ. ವಾಸನೆಯಿಂದ ಸೇಬು ಎಂದು ತಿಳಿಯಿತು. ಆಸ್ಪತ್ರೆಗೆ ಬರುವವರು ರೋಗಿಗೆ ತರುವಂಥದ್ದು. ದೊಡ್ಡ ಊರಿನ ಕ್ರೀಡಾಂಗಣದಲ್ಲಿ ಯೋಜನೆಯ ದೊಡ್ಡ ಸಮಾರಂಭ, ಸುತ್ತಲಿನ ಎಲ್ಲ ಊರಿನ ತಂಡಗಳೂ ಬರುತ್ತವೆ, ದುಡ್ಡು ಕೊಡುವ ಮೇಲಿನವರು ಬರುತ್ತಾರೆ, ಅವಳು ಓಡಬೇಕು ಎಂದು ಒಂದೇ ಉಸಿರಿಗೆ ಹೇಳಿದ.

"ಹರಿದ ರಿಬ್ಬನ್ನಿಗೆ ಗಂಟು ಹಾಕಿದ್ದು ನೀವಾ, ಬೇರೆಯವರಾ?" ಎಂದಳು ಆಪರೇಟರ್.

ಪೊಟ್ಟಣ ಮೇಜಿನ ಮೇಲೆ ಕೂತಿತು. "ಓ. ಯಾರೋ ಹೇಳಿದ್ರಾ? ನೋಡಿ ಮೇಡಂ, ಕೆಟ್ಟ ಉದ್ದೇಶ ಇರ್ಲಿಲ್ಲ. ನಿಮಗೋಸ್ಕರ ನಾನು ಎಷ್ಟು ಬಾಗಿಲು ತಟ್ಟಿದ್ದೀನಿ ಗೊತ್ತಲ್ಲ?"

"ಗೊತ್ತು. ಅದಕ್ಕೇ ಬೈಯದೆ ಕೇಳ್ತಿದ್ದೀನಿ. ನಾನು ಎಷ್ಟನೆಯವಳು?"

"ಅದು ಮುಖ್ಯಾನೇ ಅಲ್ಲ. ಭಾಗವಹಿಸೋದು ಮುಖ್ಯ."

"ಹಾಗಾದ್ರೆ ಪೋಸ್ಟ್‌ಮ್ಯಾನ್‌ಗೂ ಅದನ್ನೇ ಹೇಳಿ. ಮುಂದಿನ ವರ್ಷದಿಂದ ಯಾರಿಗೂ ಒಂದು, ಎರಡು, ಮೂರು ಬೇಡ."

ಸಂಯೋಜಕ ಕುರ್ಚಿ ಎಳೆದು ಹತ್ತಿರ ಕೂತ. ಧ್ವನಿ ತಗ್ಗಿತು, ಮೊದಲ ಬಾರಿಗೆ ದಣಿದವನ ಧ್ವನಿಯಾಯಿತು. "ನೀವು ಇಪ್ಪತ್ತನೆಯವರಾಗಿ ಬಂದ್ರೆ ಒಂದು ಪೇಪರಲ್ಲೂ ಬರಲ್ಲ. ಪೇಪರಲ್ಲಿ ಬರ್ದಿದ್ರೆ ಮೇಲಿನವರು ಯೋಜನೆ ಮುಚ್ತಾರೆ. ಈಜುಕೊಳದ ಇಳಿಜಾರಿಗೆ ಅಡ್ಡ ಹೂಕುಂಡ ಇಡ್ತಾರೆ. ಆ ಹುಡುಗಿಯರ ವಾಲಿಬಾಲು ನಿಲ್ಲುತ್ತೆ. ಜನಕ್ಕೆ ನೀವು ಓಡೋದು ಬೇಡ ಮೇಡಂ, ಗೆಲ್ಲೋದು ಬೇಕು. ಗೆಲ್ಲದೆ ಇರೋ ಕುರುಡರನ್ನ ಅವರು ದಿನಾ ನೋಡ್ತಾರೆ."

ಅದು ಸುಳ್ಳಲ್ಲ ಎಂಬುದು ಆಪರೇಟರಿಗೆ ತಿಳಿಯಿತು. ಅದಕ್ಕೇ ಮೈ ಉರಿಯಿತು. ಬೀಪ್ ಬಂದದ್ದನ್ನು ಒಂದು ಬಾರಿ ಹಾಗೇ ಬಿಟ್ಟಳು, ಎರಡನೆಯದನ್ನು ಎತ್ತಿ ಮಕ್ಕಳ ವಾರ್ಡಿಗೆ ಕೊಟ್ಟಳು.

"ಓಡ್ತೀನಿ," ಎಂದಳು. "ಆದ್ರೆ ಎಲ್ಲರೂ ನಿಜವಾಗಿ ಓಡ್ಬೇಕು. ನನ್ನ ಸ್ಥಾನ ನನಗೆ ಹೇಳ್ಬೇಕು, ಮೈಕಲ್ಲಿ ಹೇಳ್ಬೇಕು. ಎಷ್ಟಾದ್ರೂ..."

"ಖಂಡಿತ, ಖಂಡಿತ," ಎಂದ ಸಂಯೋಜಕ. ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಫೋನಿನ ಮೇಜಿನ ಅನುಭವ ಅವಳಿಗೆ ಇಷ್ಟು ಕಲಿಸಿತ್ತು: ಪ್ರಶ್ನೆ ಮುಗಿಯುವ ಮೊದಲೇ ಹೂಂ ಎನ್ನುವವರು ಏನನ್ನೂ ಕೇಳಿಸಿಕೊಂಡಿರುವುದಿಲ್ಲ.

ಸೇಬನ್ನು ಅವಳು ಸ್ಟ್ರೆಚರ್ ತಳ್ಳುವವನಿಗೆ ಕೊಟ್ಟಳು.

ಆ ದಿನಗಳಲ್ಲಿ ಅತ್ತಿಗೆ ನಾದಿನಿ ಕಾಲುವೆ ದಂಡೆಯ ಮೇಲೆ ಓಡಿದರು, ಮಾತಾಡಲಿಲ್ಲ. "ಹೊಂಡ." "ಬಲ." ಅಷ್ಟೇ. ಹೊಂಡ ಎಂದರೆ ಆಪರೇಟರ್ ಕಾಲಿನಿಂದ ತಡವಿ ನೋಡಿ, ಹೊಂಡ ಇದೆಯೆಂದು ಖಾತ್ರಿಯಾದ ಮೇಲೆ ದಾಟುತ್ತಿದ್ದಳು. ಪ್ರತಿ ಸಲವೂ ಹೊಂಡ ಇರುತ್ತಿತ್ತು. ಲೇಸು ಅವರ ನಡುವೆ ಬಿಗಿಯಾಗುತ್ತ ಸಡಿಲವಾಗುತ್ತ ಬರುತ್ತಿತ್ತು. ಒಂದು ಬೆಳಿಗ್ಗೆ ನಾಯಿಯೊಂದು ಬೊಗಳಿದಾಗ ಅತ್ತಿಗೆ ಕಿರುಚದೆ ಹಲ್ಲು ಕಚ್ಚಿಕೊಂಡದ್ದು ಲೇಸಿನಲ್ಲೇ ತಿಳಿಯಿತು. ಆಪರೇಟರ್ ನಿಂತು ಸೊಂಟಕ್ಕೆ ಸಿಕ್ಕಿಸಿದ್ದ ಕೋಲು ಬಿಚ್ಚಿ ನೆಲಕ್ಕೆ ಬಡಿದಳು. ನಾಯಿ ಓಡಿಹೋಯಿತು. "ಥ್ಯಾಂಕ್ಸ್" ಎಂದಳು ಅತ್ತಿಗೆ. ಆಪರೇಟರ್ ಕೋಲು ಮಡಚಿದಳು.

ಕ್ರೀಡಾಂಗಣದಲ್ಲಿ ಹೊಸ ಬಣ್ಣದ ವಾಸನೆ ಇತ್ತು. ಗಾಲಿಕುರ್ಚಿಗಳ ಉರುಳು, ಕೈಭಾಷೆಯ ನಡುವೆ ಸಿಡಿಯುವ ನಗು, ಮೈಕಿನ ಕರ್ಕಶ, ಬ್ಯಾಂಡಿನವರು ಒಂದೇ ಸಾಲನ್ನು ಮತ್ತೆ ಮತ್ತೆ ತಪ್ಪು ಬಾರಿಸುವುದು. ಬೇಲಿಯ ಹತ್ತಿರ ಯಾರೋ ಅವಳ ಭುಜ ತಡವಿದರು.

"ಆಪರೇಟರಾ? ನಾನು, ಲಾರಿ."

"ಬಂದ್ರಾ! ಓಡ್ತೀರಾ?"

"ಇಲ್ಲಪ್ಪ. ಕೇಳ್ಕೊಂಡು ಹೋಗೋಣ ಅಂತ. ನನ್ನ ಹೆಂಡತಿ ಇದ್ದಾಳೆ ಪಕ್ಕದಲ್ಲಿ. ಅವಳನ್ನ ನಾನು ನಂಬಲ್ಲ, ನಿಮ್ಮ ನಂಬರು ನಾನೇ ಮೈಕಲ್ಲಿ ಕೇಳ್ಬೇಕು." ಹೆಂಡತಿ ಅವನ ಬೆನ್ನಿಗೆ ಗುದ್ದಿದ್ದು ಕೇಳಿಸಿತು.

ಓಟದ ಗೆರೆಗೆ ಕರೆದರು. ಟ್ರ್ಯಾಕಿನ ಒಂದು ಸುತ್ತು, ಬೇರೆ ಬೇರೆ ಊರಿನ ಸಂಘಗಳಿಂದ ಬಂದ ಓಟಗಾರರು, ನಡುವೆ ಇವಳು. ಸಂಯೋಜಕ ಸಾಲಿನುದ್ದಕ್ಕೂ ಓಡಾಡಿ ಒಬ್ಬೊಬ್ಬರ ಕಿವಿಯಲ್ಲೂ ಪಿಸುಗುಟ್ಟುತ್ತಿದ್ದ. ಪಿಸುಮಾತು ಹತ್ತಿರ ಬಂದು, ಇವಳನ್ನು ಹಾರಿ, ಆಚೆಯವನಲ್ಲಿ ಮುಂದುವರಿಯಿತು. ಅತ್ತಿಗೆಯ ಕಿವಿಯಲ್ಲೂ ಏನೋ ಹೇಳಿದ. ಆಪರೇಟರ್ ಕಾದಳು. ಕೇಳಬಾರದು ಎಂದುಕೊಂಡಿದ್ದಳು. ಅತ್ತಿಗೆ ತಾನಾಗೇ ಹೇಳಬೇಕಿತ್ತು.

ಲೇಸು ನಡುಗಿತು.

"ಪುಟ್ಟಿ," ಎಂದಳು ಅತ್ತಿಗೆ. ಹಾಗೆ ಕರೆದು ಎಷ್ಟೋ ದಿನವಾಗಿತ್ತು. "ಸುಮ್ನೆ ಓಡಿಸ್ಕೊಂಡು ಹೋಗಿ ಅಂದ. ತಿರುವಲ್ಲಿ ಎಲ್ಲರೂ ನಿಧಾನ ಮಾಡ್ತಾರಂತೆ."

"ಹೌದಾ. ಅವರನ್ನ ನೋಡಿ ಹೇಳಿ."

"ಒಬ್ಬನೂ ಬಗ್ಗಿಲ್ಲ. ಕೈ ಕಟ್ಕೊಂಡು ನಿಂತಿದ್ದಾರೆ. ಒಬ್ಬನ ಬೂಟಿನ ಲೇಸೇ ಬಿಚ್ಚಿದೆ, ಕಟ್ಕೊಂಡಿಲ್ಲ."

"ಪೋಸ್ಟ್‌ಮ್ಯಾನ್?"

"ನೆಲ ನೋಡ್ತಿದ್ದಾನೆ."

"ಗಾಳಿ ಇದೆಯಾ?"

ಅತ್ತಿಗೆ ತಿರುಗಿ ನೋಡಿದ್ದು ಲೇಸಿನಲ್ಲಿ ತಿಳಿಯಿತು. "ಇದೆ. ಇವತ್ತು ನಿಜವಾಗ್ಲೂ ಇದೆ. ಆ ಕಡೆ ರಿಬ್ಬನ್ ಹಾರಾಡ್ತಿದೆ."

ಸೀಟಿ ಕೂಗಿತು.

ಸುತ್ತಲೂ ಕಾಲುಗಳು ಎದ್ದವು, ಇದ್ದಲ್ಲೇ ಕುಣಿದವು, ಎಲ್ಲಿಗೂ ಹೋಗದ ಹೆಜ್ಜೆಗಳ ಸದ್ದು. ಅವಳು ಮುಂದೆ ಹೋಗಲಿ ಎಂದು ಕಾಯುವ ಸದ್ದು. ಚಪ್ಪಾಳೆ ಶುರುವಾಯಿತು, ಬ್ಯಾಂಡು ತಪ್ಪು ಸಾಲು ಹಿಡಿಯಿತು. ಆಪರೇಟರ್ ಎರಡೂ ಪಾದಗಳನ್ನು ಗೆರೆಯ ಹಿಂದೆ ಊರಿ ನಿಂತಳು. ಸ್ವಲ್ಪ ಹೊತ್ತಿಗೆ ಕುಣಿಯುತ್ತಿದ್ದ ಕಾಲುಗಳು ಒಂದೊಂದಾಗಿ ನಾಚಿ ನಿಂತವು. ಮೈಕು "ಓಡಿ ಮೇಡಂ, ಓಡಿ" ಎಂದಿತು. ಚಪ್ಪಾಳೆ ಅಲ್ಲಲ್ಲಿ ಹರಿದುಹೋಯಿತು, ಉಳಿದದ್ದು ಬ್ಯಾಂಡು ಮಾತ್ರ.

ಸಂಯೋಜಕ ಏದುಸಿರು ಬಿಡುತ್ತ ಬಂದ. "ಏನಾಯ್ತು? ಸೀಟಿ ಕೇಳಿಸ್ಲಿಲ್ವಾ? ಓಡಿ!"

"ಕೇಳಿಸ್ತು."

"ಮೇಲಿನವರು ಕೂತಿದ್ದಾರೆ. ನಿಮ್ಮ ಕಾಲಿಗೆ ಬೀಳ್ತೀನಿ. ಆ ಹುಡುಗಿಯರ ಮುಖ ಆದ್ರೂ ನೋಡಿ."

"ಮೊದಲು ಇವರು ಓಡ್ಲಿ," ಎಂದಳು ಆಪರೇಟರ್. "ಓಡೋ ಹಾಗೆ ಓಡ್ಲಿ. ಆಮೇಲೆ ಬರ್ತೀನಿ, ನನಗೆ ಆದಷ್ಟು."

ಅವನು ಅತ್ತಿಗೆಯ ಕಡೆ ತಿರುಗಿದ. "ನೀವಾದ್ರೂ ಕರ್ಕೊಂಡು ಹೋಗಿ. ಸ್ವಲ್ಪ ಎಳೀರಿ, ಬರ್ತಾರೆ."

"ಎಳೀಬಾರ್ದು ಅಂತ ಹೇಳಿಕೊಟ್ಟವರು ನೀವೇ," ಎಂದಳು ಅತ್ತಿಗೆ.

ಬೇಲಿಯ ಕಡೆಯಿಂದ ಲಾರಿಯವನ ಧ್ವನಿ ಹೆಂಡತಿಯನ್ನು ಕೇಳುತ್ತಿತ್ತು, ಏನಾಗ್ತಿದೆ, ಏನಾಗ್ತಿದೆ ಹೇಳೇ. ನಿಂತಿದ್ದಾರೆ, ಎಂದಳು ಅವಳು. ಸುಮ್ನೆ ನಿಂತಿದ್ದಾರೆ.

ಎರಡನೆಯ ಸೀಟಿ ಕೂಗಿತು.

"ಇಲ್ಲ," ಎಂದಳು ಆಪರೇಟರ್.

ಬ್ಯಾಂಡು ನಿಂತಿತು. ಇಬ್ಬರ ಮಣಿಕಟ್ಟುಗಳ ನಡುವೆ ಲೇಸು ಸಡಿಲವಾಗಿ ಜೋತುಬಿದ್ದಿತ್ತು. ಟ್ರ್ಯಾಕಿನ ಆ ತುದಿಯಲ್ಲಿ, ಯಾರೂ ಬಾರದ ಗೆರೆಯ ಮೇಲೆ, ಕಾಗದದ ರಿಬ್ಬನ್ ಗಾಳಿಗೆ ಪಟಪಟ ಬಡಿದುಕೊಳ್ಳುವುದು ಅವಳಿಗೆ ಕೇಳಿಸಿತು.